ಸದ್ದು ನಿಂತ ಶನಿವಾರ

ಸೋಮವಾರ ಬೆಳಗ್ಗೆ ಏಳೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಮೀನುಗಾರ ಅಜ್ಜಿ ಯಾರನ್ನೂ ಏನನ್ನೂ ಕೇಳಲಿಲ್ಲ. ಕಂಕುಳಲ್ಲಿದ್ದ ಬುಟ್ಟಿಯನ್ನು ನೇರವಾಗಿ ತಂದು ಮುಖ್ಯಪೇದೆಯ ಮೇಜಿನ ಮೇಲೆ ಇಟ್ಟಳು. ಬುಟ್ಟಿಯ ತುಂಬ ಸತ್ತ ಮೀನು. ಒಂದೊಂದೂ ಬಾಯಿ ಅಗಲಿಸಿಕೊಂಡೇ ಸತ್ತಿತ್ತು. ಮುಖ್ಯಪೇದೆ ವರ್ಷಾನುಗಟ್ಟಲೆ ಆ ಮೇಜಿನ ಮೇಲೆ ಚಾಕು ಚೂರಿ, ಕದ್ದ ಕೋಳಿ, ಒಮ್ಮೆ ಒಂದು ಹಲ್ಲುಸೆಟ್ಟನ್ನೂ ಕಂಡಿದ್ದವಳು. ಮೀನು ಇದೇ ಮೊದಲು.

"ಅಜ್ಜಿ, ಕೆಳಗಿಡಿ ಅದನ್ನ. ವಾಸನೆ ತಡೆಯೋಕಾಗ್ತಿಲ್ಲ."

"ನೀವು ಒಂದ್ ಗಳಿಗೆ ಮೂಗು ಮುಚ್ಕೊಂಡ್ರೆ ಮುಗೀತು ತಾಯಿ. ನನ್ನ ಮೊಮ್ಮಗಳು ಈ ನೀರು ಕುಡಿದು ಆಸ್ಪತ್ರೇಲಿ ಮಲಗಿದ್ದಾಳೆ."

ಮಾತು ಕೇಳಿ ಇನ್ಸ್‌ಪೆಕ್ಟರು ಒಳಗಿನ ಕೋಣೆಯಿಂದ ಎದ್ದು ಬಂದರು. ಅಜ್ಜಿಗೆ ಕುರ್ಚಿ ಎಳೆದುಕೊಟ್ಟರು. ಅವಳು ಕೂರಲಿಲ್ಲ.

"ಯಾವಾಗ ಕುಡಿದಳು?"

"ನಿನ್ನೆ ಸಂಜೆ. ದೋಣೀಲಿ ನನ್ನ ಜೊತೆ ಬಂದಿದ್ಲು. ಬಾಯಾರಿಕೆ ಅಂದ್ಲು. ಬೊಗಸೇಲಿ ನಾನೇ ಕೊಟ್ಟೆ ಸಾಮಿ. ನನ್ನ ಕೈಯಾರೆ ಕೊಟ್ಟೆ."

"ನೀರು ಹೇಗಿತ್ತು ಅಂತ ನೋಡ್ಲಿಲ್ವಾ?"

"ಹುಟ್ಟಿದಾಗಿಂದ ಕುಡಿದಿರೋ ನೀರನ್ನ ಯಾರು ನೋಡ್ತಾರೆ ಸಾಮಿ?"

ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ 'ಗೊತ್ತಿಲ್ಲ' ಎಂದು ಬರೆದರು. ಆಸ್ಪತ್ರೆಗೆ ಫೋನ್ ಮಾಡಿದಾಗ ವೈದ್ಯರು ಮಗುವಿಗೆ ಆರು ವರ್ಷ, ವಾಂತಿಭೇದಿ ನಿಂತಿಲ್ಲ, ಎರಡು ದಿನ ಕಳೆಯದೆ ಏನೂ ಹೇಳಲಾಗದು ಎಂದರು. ಮಗು ಉಳಿದರೆ ಒಂದು ಕಲಂ, ಉಳಿಯದಿದ್ದರೆ ಇನ್ನೊಂದು. ಕಾನೂನಿನ ಪುಸ್ತಕಕ್ಕೆ ಅದು ಒಂದು ಪುಟದ ವ್ಯತ್ಯಾಸ. ಅಜ್ಜಿಗೆ ಹಾಗಲ್ಲ. ಅವಳು ಬುಟ್ಟಿಯನ್ನು ಅಲ್ಲೇ ಬಿಟ್ಟು ಆಸ್ಪತ್ರೆಯ ಕಡೆ ನಡೆದಳು.

ನದಿಯ ಕೇಸಿನಲ್ಲಿ ಒಂದು ಅನುಕೂಲವಿದೆ: ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಇನ್ಸ್‌ಪೆಕ್ಟರೂ ಮುಖ್ಯಪೇದೆಯೂ ದಂಡೆ ಹಿಡಿದು ಮೇಲಕ್ಕೆ ನಡೆದರು. ಉದ್ದಕ್ಕೂ ಕಪ್ಪು ನೀರು, ತೇಲುವ ಮೀನು, ಕೊಳೆತ ಮೊಟ್ಟೆಯ ನಾತ. ಊರಿನ ಅಂಚಿನಲ್ಲಿ ಒಂದು ದಪ್ಪ ಸಿಮೆಂಟು ಕೊಳವೆ ನದಿಗೆ ಬಾಯಿ ತೆರೆದಿತ್ತು. ಅದರ ಕೆಳಗೆ ನೀರು ಕಪ್ಪು. ಹತ್ತು ಮಾರು ಮೇಲೆ ತಿಳಿ, ಮರಿಮೀನುಗಳು ಏನೂ ಆಗೇ ಇಲ್ಲವೆಂಬಂತೆ ಓಡಾಡುತ್ತಿದ್ದವು. ಬಟ್ಟೆ ಒಗೆಯುತ್ತಿದ್ದ ಇಬ್ಬರನ್ನು ಸಾಕ್ಷಿಗಳಾಗಿ ಕರೆದು, ಎರಡೂ ಕಡೆಯ ನೀರನ್ನು ಬಾಟಲಿಗೆ ತುಂಬಿ, ಅರಗಿನ ಮುದ್ರೆ ಒತ್ತಿ ಪಂಚನಾಮೆ ಮುಗಿಸಿದರು. ಕೊಳವೆ ಬಂದದ್ದು ನಗರದ ಕೊಳಚೆನೀರು ಶುದ್ಧೀಕರಣ ಘಟಕದಿಂದ.

ಊರು ಕೈತೊಳೆದದ್ದು, ಪಾತ್ರೆ ಬೆಳಗಿದ್ದು, ಕಕ್ಕಸಿಗೆ ಸುರಿದದ್ದು ಎಲ್ಲ ಕೊನೆಗೆ ಬರುವುದು ಅಲ್ಲಿಗೇ. ಬಂದದ್ದನ್ನು ಏನು ಮಾಡುತ್ತಾರೆಂದು ಊರಿನಲ್ಲಿ ಒಬ್ಬರೂ ಕೇಳಿದವರಲ್ಲ. ಕೊನೆಯ ಬೀದಿ ಮುಗಿದು, ಟೈರ್ ಅಂಗಡಿ ದಾಟಿದರೆ ಉದ್ದನೆಯ ಗೋಡೆ, ಅದಕ್ಕೊಂದು ಗೇಟು. ಗೇಟು ತೆರೆದವನು ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಇಸ್ತ್ರಿ ಹಾಕಿದ ಅಂಗಿ, ಕತ್ತಿನವರೆಗೆ ಗುಂಡಿ. ಯಂತ್ರ ನೋಡಿಕೊಳ್ಳುವ ಆಪರೇಟರು ಅವನೊಬ್ಬನೇ. ಒಳಗಿನ ಕೋಣೆಯೇ ಅವನ ಮನೆ. ಟ್ಯಾಂಕಿಗೆ ಗಾಳಿ ಊದುವುದು ಅವನ ಕೆಲಸವಾದ್ದರಿಂದ ಇಲಾಖೆಯವರು ಅವನನ್ನು ಗಾಳಿಯಣ್ಣ ಎನ್ನುತ್ತಿದ್ದರು.

"ಬನ್ನಿ ಸಾರ್, ಬನ್ನಿ ಮೇಡಂ, ಬಿಸಿಲಲ್ಲಿ ಬಂದಿದ್ದೀರ. ಟೀ ಮಾಡ್ತೀನಿ."

ಪೊಲೀಸರನ್ನು ಕಂಡು ಇಷ್ಟು ಮುಖ ಅರಳಿಸಿದವರನ್ನು ಮುಖ್ಯಪೇದೆ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಅವನ ಬಳಿ ಇದ್ದದ್ದು ಒಂದೇ ಲೋಟ. ಅದನ್ನು ಇನ್ಸ್‌ಪೆಕ್ಟರಿಗೆ ಕೊಟ್ಟ. ನೀರು ಪರೀಕ್ಷಿಸುವ ಗಾಜಿನ ಪಾತ್ರೆಯನ್ನು ಮೂರು ಸಲ ತೊಳೆದು ಆಕೆಗೆ ಟೀ ಹಿಡಿದ. ಆ ಪಾತ್ರೆಯಲ್ಲಿ ಈವರೆಗೆ ಏನೇನು ಬಿದ್ದಿತ್ತೋ ಎಂದು ನೆನೆದು ಆಕೆ ಕೈಮುಗಿದು ಬೇಡವೆಂದಳು.

ಅಷ್ಟರಲ್ಲಿ, ಪೊಲೀಸರು ಕರೆಸಿದ್ದ, ಘಟಕದ ನೀರು ಪರೀಕ್ಷಿಸುವ ಪ್ರಯೋಗಾಲಯದ ಮೇಡಂ ವ್ಯಾನಿನಲ್ಲಿ ಬಂದಿಳಿದರು. ನಲವತ್ತರ ಹೆಂಗಸು, ಮೊಣಕಾಲುದ್ದದ ರಬ್ಬರ್ ಬೂಟು. ಯಾರ ಮುಖವನ್ನೂ ನೋಡದೆ ದೊಡ್ಡ ಟ್ಯಾಂಕಿನ ಕಬ್ಬಿಣದ ಮೆಟ್ಟಿಲು ಹತ್ತಿದರು. ಉಳಿದವರು ಹಿಂಬಾಲಿಸಿದರು. ಗಾಳಿಯಂತ್ರ ಕಿವಿ ಕಿತ್ತುಹೋಗುವ ಹಾಗೆ ಅರಚುತ್ತಿತ್ತು. ಟ್ಯಾಂಕಿನಲ್ಲಿ ಕಪ್ಪನೆಯ ನೀರು ಕುದಿಯುವಂತೆ ಏಳುತ್ತಿತ್ತು.

"ಸತ್ತುಹೋಗಿದೆ," ಎಂದರು ಮೇಡಂ.

"ಏನು ಸತ್ತಿದ್ದು?"

"ಟ್ಯಾಂಕು. ನೋಡಿ ಸಾರ್, ಮೊದಲು ಜಾಲರಿ, ಅಲ್ಲಿ ಚಿಂದಿ ಪ್ಲಾಸ್ಟಿಕ್ಕು ನಿಲ್ಲುತ್ತೆ. ಆಮೇಲೆ ತೊಟ್ಟಿ, ಮರಳು ಕೆಳಗೆ ಕೂರುತ್ತೆ. ಕರಗಿರೋ ಹೊಲಸನ್ನ ಮಾತ್ರ ಯಾವ ಜಾಲರೀನೂ ಹಿಡಿಯಲ್ಲ. ಅದನ್ನ ತಿನ್ನೋದಕ್ಕೆ ಇಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರ್ತಾವೆ. ಅವು ಉಸಿರಾಡೋಕೆ ಗಾಳಿ ಬೇಕು. ತಿಂದು ತಿಂದು ಗುಂಪಾಗಿ ತಳ ಸೇರ್ತಾವೆ, ಮೇಲಿನ ತಿಳಿನೀರು ನದಿಗೆ ಹೋಗುತ್ತೆ. ಈಗ ತಿನ್ನೋರೇ ಇಲ್ಲ. ಊರಿನ ಹೊಲಸು ಬಂದ ಹಾಗೇ ನದಿಗೆ ಹೋಗ್ತಿದೆ. ನದೀಲಿರೋ ಗಾಳಿನೂ ಅದೇ ಎಳ್ಕೊಳ್ಳುತ್ತೆ. ಮೀನು ಉಸಿರುಕಟ್ಟಿ ಸಾಯುತ್ತೆ."

"ಸರಿ ಮಾಡೋಕೆ?"

"ಹಾಲಿಗೆ ಹೆಪ್ಪು ಹಾಕೋದಿಲ್ವಾ, ಹಾಗೆ. ಪಕ್ಕದೂರಿನ ಘಟಕದಿಂದ ಟ್ಯಾಂಕರಲ್ಲಿ ಜೀವಂತ ಕೆಸರು ತಂದು ಸುರೀಬೇಕು. ಬುಧವಾರ ಸಂಜೆಗೆ ಮೊದಲು ಟ್ಯಾಂಕರ್ ಸಿಗಲ್ಲ."

"ಇವು ಯಾಕೆ ಸತ್ತವು?"

"ಎರಡೇ ಕಾರಣ. ಯಾರಾದ್ರೂ ವಿಷ ಬಿಟ್ಟಿರಬೇಕು, ಇಲ್ಲಾ ಗಾಳಿ ನಿಂತಿರಬೇಕು."

"ಗಾಳಿ ನಿಂತಿಲ್ಲ ಮೇಡಂ," ಎಂದ ಗಾಳಿಯಣ್ಣ ಹಿಂದಿನಿಂದ. "ಆ ಬಣ್ಣದ ಕಾರ್ಖಾನೆಯೋರ ಚರಂಡಿ ನಮಗೇ ಬರೋದು. ಅವರನ್ನ ಕೇಳಿ."

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ ಮಧ್ಯಾಹ್ನವೇ ಬೀಗ ಬಿತ್ತು. ಅಷ್ಟು ಹೊತ್ತಿಗೆ ಊರಿಗೆಲ್ಲ ಸುದ್ದಿ ಹಬ್ಬಿ, ಮುನ್ನೆಚ್ಚರಿಕೆಗೆಂದು ನಲ್ಲಿ ನೀರನ್ನೂ ನಿಲ್ಲಿಸಿದ ಸಿಟ್ಟಿಗೆ ಜನ ಅದರ ಬಾಗಿಲಲ್ಲಿ ಸೇರಿ ಕಲ್ಲು ಕೈಗೆತ್ತಿಕೊಂಡಿದ್ದರು. ಮಾಲೀಕನನ್ನು ಜೀಪಿನಲ್ಲಿ ಕೂರಿಸಿ ಠಾಣೆಗೆ ತರುವುದೇ ಒಂದು ಸಾಹಸವಾಯಿತು. ಅವನ ಕೈ ಮೊಣಕೈವರೆಗೆ ನೀಲಿ.

"ನಾನು ಬಿಟ್ಟಿದ್ರೆ ನಿಮ್ಮ ಟ್ಯಾಂಕು ನೀಲಿ ಆಗಬೇಕಿತ್ತು ಸಾರ್! ಈ ತಿಂಗಳು ಪೂರ್ತಿ ನೀಲಿ ಬಿಟ್ಟು ಬೇರೆ ಬಣ್ಣ ಮುಟ್ಟಿಲ್ಲ. ನನ್ನ ಕೈ ನೋಡಿ. ಬೇಕಾದ್ರೆ ಮನೆಗೆ ಬಂದು ನನ್ನ ನಾಯಿ ನೋಡಿ, ಅದೂ ನೀಲಿ!"

ನಾಯಿಯನ್ನು ನೋಡುವ ಅಗತ್ಯ ಬೀಳಲಿಲ್ಲ. ಮಂಗಳವಾರ ಬೆಳಗ್ಗೆ ಪ್ರಯೋಗಾಲಯದ ವರದಿ ಬಂತು: ಬಣ್ಣವಿಲ್ಲ, ಆಮ್ಲವಿಲ್ಲ, ವಿಷವಿಲ್ಲ. ಮಾಲೀಕನನ್ನು ಬಿಟ್ಟು ಕಳಿಸಿದರು. ಅವನು ಹೋಗುತ್ತಾ ಠಾಣೆಯ ಬಾಗಿಲಿಗೆ ನೀಲಿ ಕೈಗುರುತು ಬಿಟ್ಟುಹೋದ. ಬೇಕೆಂದೇ ಒತ್ತಿದನೆಂದು ಮುಖ್ಯಪೇದೆಗೆ ಇಂದಿಗೂ ಅನುಮಾನ.

ವಿಷವಲ್ಲ ಎಂದಾದರೆ ಗಾಳಿ. ಇನ್ಸ್‌ಪೆಕ್ಟರು ಮತ್ತೆ ಘಟಕಕ್ಕೆ ಹೋದರು. ಗೇಟಿನ ಬಳಿ ಗಾಳಿಯಣ್ಣ ಮೊದಲೇ ನಿಂತಿದ್ದ, ಕಾದು ನಿಂತವನ ಹಾಗೆ. ಕೋಣೆಯಲ್ಲಿ ಎರಡು ಹೊಸ ಲೋಟಗಳಿದ್ದವು.

"ಯಂತ್ರ ಯಾವಾಗಲಾದ್ರೂ ನಿಂತಿತ್ತಾ?"

"ಇಲ್ಲ ಸಾರ್."

"ಕರೆಂಟು ಹೋಗಿತ್ತಾ?"

"ಇಲ್ಲ ಸಾರ್. ಸಕ್ಕರೆ ಸಾಕಾ?"

"ಶನಿವಾರ, ಭಾನುವಾರ ನೀವು ಎಲ್ಲಿದ್ರಿ?"

"ನಾನಿನ್ನೆಲ್ಲಿ ಹೋಗ್ಲಿ ಸಾರ್? ಇಲ್ಲೇ ಇದ್ದೆ."

ಉತ್ತರಗಳಲ್ಲಿ ಸುಳ್ಳಿನ ತಡವರಿಕೆ ಇರಲಿಲ್ಲ. ಆದರೆ ಇನ್ಸ್‌ಪೆಕ್ಟರು ಏಳಲು ಹೋದಾಗಲೆಲ್ಲ ಅವನು ಇನ್ನೊಂದು ಮಾತು ತೆಗೆಯುತ್ತಿದ್ದ. ಯಂತ್ರದ ಬೆಲ್ಟಿನ ಮಾತು, ಜಾಲರಿಯಲ್ಲಿ ಸಿಕ್ಕ ಗೊಂಬೆಯ ಮಾತು, ಒಮ್ಮೆ ಮದುವೆಯುಂಗುರ ಸಿಕ್ಕಿ ಯಾರೂ ಕೇಳಿಕೊಂಡು ಬರದ ಮಾತು. ತಪ್ಪು ಮಾಡಿದವರು ಪೊಲೀಸರನ್ನು ಬೇಗ ಸಾಗಹಾಕಲು ನೋಡುತ್ತಾರೆ. ಇವನು ಬಾಗಿಲವರೆಗೂ ಬಂದು ಅಂಗಲಾಚುವ ಹಾಗೆ ನಿಲ್ಲಿಸಿಕೊಳ್ಳುತ್ತಿದ್ದ.

ಗೋಡೆಯ ಆಚೆ ಟೈರ್ ಅಂಗಡಿ. ಅಂಗಡಿಯವನ ಸಂಸಾರವೂ ಅದರ ಹಿಂದಿನ ಕೋಣೆಯಲ್ಲೇ. ಅವನು ಒಂದು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದ.

"ಈ ಯಂತ್ರದ ಸದ್ದು ದಿನಾ ಇರುತ್ತಾ?" ಇನ್ಸ್‌ಪೆಕ್ಟರು ದನಿ ಏರಿಸಿಯೇ ಕೇಳಬೇಕಾಯಿತು.

"ಹಗಲೂ ರಾತ್ರಿ ಸಾರ್. ನಾವು ಅಂಗಡಿ ಹಾಕಿದಾಗಿಂದ ಜೋರಾಗಿ ಮಾತಾಡೋದೇ ಅಭ್ಯಾಸ. ನೆಂಟರ ಮನೆಗೆ ಹೋದ್ರೆ ಯಾಕೆ ಜಗಳಾಡ್ತಿದ್ದೀರ ಅಂತಾರೆ."

"ಈಚೆಗೆ ಯಾವತ್ತಾದ್ರೂ ನಿಂತಿತ್ತಾ?"

ಅವನು ಟ್ಯೂಬು ಕೆಳಗಿಟ್ಟು ನಕ್ಕ. "ನಿಂತಿತ್ತು ಸಾರ್. ಶನಿವಾರ ನನ್ನ ಹೆಂಡ್ತಿ ಬೈದಿದ್ದು ಪೂರ್ತಿ ಕೇಳಿಸ್ತು. ದಿನಾ ಅರ್ಧಂಬರ್ಧ ಕೇಳಿಸುತ್ತೆ, ನೆಮ್ಮದಿಯಾಗಿರ್ತೀನಿ."

"ಬರೀ ಶನಿವಾರವೇ?"

"ಭಾನುವಾರಾನೂ ಬೈದ್ಲು. ಸಂಜೆ ಕತ್ತಲಾಗೋ ಹೊತ್ತಿಗೆ ಯಂತ್ರ ಶುರುವಾಯ್ತು, ಬದುಕಿಕೊಂಡೆ."

ಒಳಗಿನಿಂದ ಅವನ ಹೆಂಡತಿ, "ಪೊಲೀಸ್ನೋರ ಮುಂದೆನೂ ನಂದೇ ಮಾತಾ?" ಎಂದು ಕೂಗಿದಳು. ಮುಖ್ಯಪೇದೆ ನಗು ತಡೆದುಕೊಂಡು ಇಬ್ಬರ ಹೇಳಿಕೆಯನ್ನೂ ಬರೆದುಕೊಂಡಳು.

ಇನ್ಸ್‌ಪೆಕ್ಟರಿಗೆ ನಗು ಬರಲಿಲ್ಲ. ಅವರದು ಒಂಟಿ ಜೀವ. ತಾಯಿ ತೀರಿಕೊಂಡ ಮೇಲೆ ಬೆಳಗ್ಗೆ ಮನೆ ಬಿಡುವಾಗ ರೇಡಿಯೊ ಹಾಕಿಟ್ಟೇ ಬರುತ್ತಿದ್ದರು, ಸಂಜೆ ಬೀಗ ತೆಗೆದಾಗ ಒಳಗೆ ಯಾರೋ ಇದ್ದಾರೆ ಅನ್ನಿಸಲಿ ಎಂದು. ಇದು ಠಾಣೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೋಡೆಯ ಆಚೆ ಎರಡು ದಿನ ಸದ್ದು ನಿಂತ ಮೇಲೆ ಆ ಮನುಷ್ಯ ಒಬ್ಬನೇ ಏನನ್ನು ಕೇಳುತ್ತಾ ಕೂತಿದ್ದನೋ ಎಂಬ ಯೋಚನೆ ಅವರಿಗೆ ಬಂತು. ಬಂದದ್ದು ಇಷ್ಟವಾಗಲಿಲ್ಲ. ಯಂತ್ರ ಕೆಟ್ಟಿತ್ತು, ಹೆದರಿ ಮುಚ್ಚಿಟ್ಟಿದ್ದಾನೆ, ಇಷ್ಟೇ ಇರಬೇಕು ಎಂದುಕೊಂಡರು.

ಬುಧವಾರ ಬೆಳಗ್ಗೆ ಇನ್ಸ್‌ಪೆಕ್ಟರು ಯಂತ್ರ ರಿಪೇರಿಯವನನ್ನು ಕರೆದುಕೊಂಡೇ ಹೋದರು. ಅವನು ಒಂದು ಗಂಟೆ ಕೈ ಎಣ್ಣೆ ಮಾಡಿಕೊಂಡು, ಯಂತ್ರ ಕೆಟ್ಟಿದ್ದ ಯಾವ ಗುರುತೂ ಇಲ್ಲವೆಂದ. ಕೆಟ್ಟಿಲ್ಲ, ವಿದ್ಯುತ್ ಕಚೇರಿಯವರನ್ನು ಕೇಳಿದರೆ ಕರೆಂಟೂ ಹೋಗಿಲ್ಲ. ಹಾಗಾದರೆ ಯಾರೋ ಸ್ವಿಚ್ಚು ಆರಿಸಿದ್ದಾರೆ.

ಮೇಡಂ ಬೆಳಗಿನಿಂದ ಟ್ಯಾಂಕರಿಗೆ ಜಾಗ ಮಾಡಿಸುತ್ತಿದ್ದರು. ಹಿಂಬದಿಯ ತಗಡಿನ ಶೆಡ್ಡಿನಿಂದ ಮುಖ್ಯಪೇದೆ ಅವರನ್ನು ಕೂಗಿ ಕರೆದಳು. ಶೆಡ್ಡಿನಲ್ಲಿ ಹಳೆಯ ಪೈಪುಗಳ ಹಿಂದೆ ಒಂದು ನೀಲಿ ಡ್ರಮ್ಮು. ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರು ಗಾಳಿಗೆ ಇಡುತ್ತಾರಲ್ಲ, ಅಂಥದೊಂದು ಪುಟ್ಟ ಮೋಟರು ಅದರೊಳಗೆ ಬುಳುಬುಳು ಎನ್ನುತ್ತಿತ್ತು. ಡ್ರಮ್ಮಿನ ತುಂಬ ಕಂದು ಕೆಸರು. ಮೇಡಂ ಒಂದು ಬೊಗಸೆ ಎತ್ತಿ ಮೂಸಿದರು. ಮುಖ್ಯಪೇದೆ ಮುಖ ಕಿವುಚಿದಳು.

"ಮೂಸಿ ನೋಡಿ ಸಾರ್. ಹಸಿಮಣ್ಣಿನ ವಾಸನೆ. ಇದು ಜೀವಂತ ಇದೆ."

"ಇದನ್ನ ಯಾವಾಗ ತೆಗೆದಿರಬಹುದು?"

"ಟ್ಯಾಂಕು ಸಾಯೋಕೆ ಮುಂಚೆ. ಆಮೇಲೆ ತೆಗೆದಿದ್ರೆ ಇದೂ ಸತ್ತಿರ್ತಿತ್ತು."

"ಹೀಗೆ ತೆಗೆದಿಡೋದು ನಿಮ್ಮಲ್ಲಿ ರೂಢೀನಾ?"

"ಎಲ್ಲೂ ಇಲ್ಲ. ಇಷ್ಟರಿಂದ ಆ ಟ್ಯಾಂಕು ಏಳೋದೂ ಇಲ್ಲ, ಹಂಡೆ ಹಾಲಿಗೆ ಒಂದು ತೊಟ್ಟು ಹೆಪ್ಪು ಹಾಕಿದ ಹಾಗೆ. ಇಟ್ಟೋರಿಗೂ ಅದು ಗೊತ್ತಿರುತ್ತೆ." ಅವರು ಕೈ ಒರೆಸಿಕೊಂಡರು. "ಎಲ್ಲಾನೂ ಸಾಯೋಕೆ ಬಿಡೋಕೆ ಮನಸ್ಸು ಬಂದಿಲ್ಲ, ಅಷ್ಟೆ. ಅಂಥ ತಪ್ಪು ಈ ಕೆಲಸ ಮಾಡೋ ನಮ್ಮೋರೇ ಮಾಡೋದು ಸಾರ್."

ಡ್ರಮ್ಮಿನ ಪಂಚನಾಮೆಗೆ ಟೈರ್ ಅಂಗಡಿಯವನೂ ಅವನ ಹೆಂಡತಿಯೂ ಸಾಕ್ಷಿಯಾದರು. ಮೋಟರನ್ನು ಜಪ್ತಿ ಮಾಡಲು ಹೋದಾಗ ಅಷ್ಟು ಹೊತ್ತು ಗೋಡೆಗೊರಗಿ ನಿಂತಿದ್ದ ಗಾಳಿಯಣ್ಣ ಬಾಯಿಬಿಟ್ಟ.

"ಅದನ್ನ ಆರಿಸ್ಬೇಡಿ ಸಾರ್. ಟ್ಯಾಂಕರ್ ಬರೋವರೆಗೆ ಇರ್ಲಿ."

ಇನ್ಸ್‌ಪೆಕ್ಟರು ಉಳಿದವರನ್ನು ಹೊರಗೆ ಕಳಿಸಿದರು. ಮುಖ್ಯಪೇದೆ ಮಾತ್ರ ಬರೆದುಕೊಳ್ಳಲು ಉಳಿದಳು.

"ಯಾವಾಗ ತೆಗೆದಿಟ್ರಿ?"

"ಶುಕ್ರವಾರ."

"ಟ್ಯಾಂಕು ಸಾಯುತ್ತೆ ಅಂತ ಶುಕ್ರವಾರವೇ ಗೊತ್ತಿತ್ತಾ?"

"ಸಾಯಬಾರ್ದಿತ್ತು ಸಾರ್. ಸುಸ್ತಾಗಬೇಕಿತ್ತು, ಅಷ್ಟೆ."

"ಸ್ವಿಚ್ಚು ಆರಿಸಿದ್ದು ಯಾರು?"

"ನಾನೇ."

"ಯಾರು ಹೇಳಿ ಮಾಡಿಸಿದ್ರು?"

"ನನಗೆ ಯಾರು ಏನು ಹೇಳ್ತಾರೆ ಸಾರ್? ಹೇಳೋಕೆ ಇಲ್ಲಿ ಬರೋರು ಯಾರು?"

ಗಾಳಿಯಣ್ಣ ಡ್ರಮ್ಮಿನ ಅಂಚು ಹಿಡಿದುಕೊಂಡು ಮಾತಾಡಿದ.

"ಮೊದಲು ಇಲ್ಲಿ ನಾಲ್ಕು ಜನ ಇದ್ವಿ. ಒಬ್ಬೊಬ್ಬರಾಗಿ ರಿಟೈರ್ ಆದ್ರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೋದ ವರ್ಷ ಯಂತ್ರ ನಿಜವಾಗ್ಲೂ ಕೆಟ್ಟೋಯ್ತು. ಎಲ್ಲಾ ಬಂದ್ರು ಸಾರ್. ಇಂಜಿನಿಯರು, ಮೇಡಂ, ಫಿಟ್ಟರು, ಟ್ಯಾಂಕರ್ ಡ್ರೈವರು. ಒಂದು ವಾರ ಇಲ್ಲೇ ಅಡುಗೆ, ಇಲ್ಲೇ ಊಟ. ಡ್ರೈವರು ಎಂಥ ಹಾಡು ಹೇಳ್ತಿದ್ದ ಗೊತ್ತಾ! ನಾನು ಅಷ್ಟು ನಕ್ಕಿದ್ದೇ ನೆನಪಿಲ್ಲ. ಯಂತ್ರ ಸರಿಹೋಯ್ತು, ಎಲ್ಲಾ ಹೊರಟುಹೋದ್ರು. ಅದಾದ ಮೇಲೆ ಶನಿವಾರ ಶನಿವಾರ ಮೇಡಂ ವ್ಯಾನ್ ಬರುತ್ತೆ. ಇಂಜಿನ್ ಆರಿಸದೆ ಬಾಟಲಿಗೆ ನೀರು ತುಂಬ್ಕೊಂಡು, 'ಚೆನ್ನಾಗಿದೆ ಗಾಳಿಯಣ್ಣ' ಅಂದು ಹೋಗ್ತಾರೆ. ವಾರಕ್ಕೆ ನಾನು ಕೇಳೋ ಮಾತು ಅದೊಂದೇ. ಎಲ್ಲಾ ಚೆನ್ನಾಗಿದ್ರೆ ಯಾರೂ ನಿಲ್ಲಲ್ಲ ಸಾರ್."

"ಅದಕ್ಕೆ ಕೆಡಿಸಿದ್ರಿ."

"ಸ್ವಲ್ಪ ಕೆಡಲಿ ಅಂತ. ಶುಕ್ರವಾರ ಸಂಜೆ ಆರಿಸಿದೆ. ಶನಿವಾರ ಬಂದು ನೋಡಿ, ಅರೆ ಕೆಟ್ಟಿದೆಯಲ್ಲ ಅಂತ ಒಂದು ದಿನ ಇರ್ತಾರೆ, ಅವರೆದುರಿಗೇ ಸರಿ ಮಾಡೋಣ ಅಂತ. ಶನಿವಾರ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದೆ. ವ್ಯಾನ್ ಬರಲಿಲ್ಲ. ಇನ್ನೊಂದು ಗಂಟೆ ನೋಡೋಣ, ಇನ್ನೊಂದು ಗಂಟೆ ನೋಡೋಣ ಅಂತ ಕೂತೆ. ಹಟ ಬಂತು ಸಾರ್. ಇಷ್ಟಾದ್ರೂ ಯಾರೂ ಬರಲ್ವಾ ಅಂತ. ಭಾನುವಾರ ಸಂಜೆ ನೋಡ್ತೀನಿ, ಕಪ್ಪಾಗಿಬಿಟ್ಟಿದೆ. ಆಮೇಲೆ ಹಾಕಿದ ಗಾಳಿ ಯಾರಿಗೆ?"

ಇನ್ಸ್‌ಪೆಕ್ಟರಿಗೆ ಸಿಟ್ಟು ಬಂತು. ಅವನ ಮೇಲೋ, ಅವನ ಮಾತು ತಮಗೆ ಅಷ್ಟು ಸುಲಭವಾಗಿ ಅರ್ಥವಾದದ್ದರ ಮೇಲೋ ತಿಳಿಯಲಿಲ್ಲ. ದನಿ ಗಡುಸಾಯಿತು.

"ಭಾನುವಾರ ಸಂಜೆ ಆ ನೀರನ್ನ ಕೆಳಗಡೆ ಒಂದು ಮಗು ಕುಡಿದಿದೆ. ಆರು ವರ್ಷದ ಹೆಣ್ಣುಮಗು. ಆಸ್ಪತ್ರೇಲಿದೆ. ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸುದ್ದಿಯನ್ನು ಅವನಿಗೆ ಹೇಳುವವರು ಇರಲಿಲ್ಲ. ಪೊಲೀಸರೂ ತಮ್ಮ ಪ್ರಶ್ನೆ ಕೇಳಿದರೇ ಹೊರತು ಹೇಳಿರಲಿಲ್ಲ. ಅವನು ನಿಂತಲ್ಲೇ ಕುಸಿದು ಕೂತು, ಎರಡೂ ಕೈಯಲ್ಲಿ ತಲೆ ಚಚ್ಚಿಕೊಂಡ. ಮುಖ್ಯಪೇದೆ ಪೆನ್ನು ಕೆಳಗಿಟ್ಟು ಅವನ ಕೈ ಹಿಡಿಯಬೇಕಾಯಿತು. ಸಾರ್ವಜನಿಕ ನೀರನ್ನು ಕೆಡಿಸಿದ, ಜೀವಕ್ಕೆ ಅಪಾಯ ತಂದ ಆರೋಪದ ಮೇಲೆ ಅವನನ್ನು ಬಂಧಿಸಿ, ಜೀಪು ಹತ್ತಿಸಿದರು. ಟ್ಯಾಂಕರ್ ಎದುರಿಗೆ ಬಂತು. ಅವನು ತಿರುಗಿಯೂ ನೋಡಲಿಲ್ಲ.

ಠಾಣೆಯಲ್ಲಿ ಮೀನುಗಾರ ಅಜ್ಜಿ ಬೆಂಚಿನ ಮೇಲೆ ಕೂತಿದ್ದಳು. ಮಗು ಬೆಳಗ್ಗೆ ಕಣ್ಣುಬಿಟ್ಟು ನೀರು ಕೇಳಿತಂತೆ. ಕುಡಿದದ್ದು ಹೊಟ್ಟೆಯಲ್ಲಿ ನಿಂತಿತಂತೆ. ಇನ್ನು ಭಯವಿಲ್ಲವೆಂದರಂತೆ ವೈದ್ಯರು. ಅದನ್ನು ಹೇಳಲೆಂದೇ ಬಂದಿದ್ದ ಅಜ್ಜಿ, ಕರೆತಂದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವನೇನಾ?"

ಮುಖ್ಯಪೇದೆ ಹೌದೆಂದಳು. ಬೈಗುಳಕ್ಕೆ ತೆರೆದ ಅಜ್ಜಿಯ ಬಾಯಿ ಹಾಗೇ ಉಳಿಯಿತು. ಅಷ್ಟು ಬಡಕಲಾದ, ಅಷ್ಟು ಅಳುತ್ತಿದ್ದ ಮನುಷ್ಯನನ್ನು ಅವಳು ನಿರೀಕ್ಷಿಸಿರಲಿಲ್ಲವೇನೋ. "ನನ್ನ ಕೈಯಲ್ಲಿ ಕುಡಿಸಿಬಿಟ್ಟೆಯಲ್ಲೋ ಪಾಪಿ," ಎಂದಷ್ಟೇ ಹೇಳಿ ಎದ್ದುಹೋದಳು.

ಬಂಧನದ ಕಾಗದ ತುಂಬುವ ಕೆಲಸ ಶುರುವಾಯಿತು. ವಯಸ್ಸು, ವೃತ್ತಿ, ಮೈಮೇಲಿನ ಗುರುತು.

"ಬಂಧನದ ವಿಷಯ ಯಾರಿಗೆ ತಿಳಿಸಬೇಕು?" ಮುಖ್ಯಪೇದೆ ಕೇಳಿದಳು.

"ಎಲ್ಲರಿಗೂ ಗೊತ್ತಾಗುತ್ತಲ್ಲ ಮೇಡಂ."

"ಹಾಗಲ್ಲ. ನಿಮ್ಮೋರು ಯಾರಿಗಾದ್ರೂ. ಹೆಂಡ್ತಿ, ಮಕ್ಕಳು?"

"ಮದುವೆ ಆಗಲಿಲ್ಲ."

"ಅಣ್ಣ, ತಮ್ಮ?"

"ಅಕ್ಕ ಒಬ್ಬಳಿದ್ಲು. ಹೋದ ವರ್ಷ ತೀರ್ಕೊಂಡ್ಲು."

"ಸ್ನೇಹಿತರು?"

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಹಣೆ ಗಂಟಿಕ್ಕಿಕೊಂಡು, ಬಹಳ ಹೊತ್ತು. ನೋಡುತ್ತಾ ಕೂತ ಇನ್ಸ್‌ಪೆಕ್ಟರಿಗೆ ತಮ್ಮನ್ನು ಯಾರಾದರೂ ಇದೇ ಪ್ರಶ್ನೆ ಕೇಳಿದರೆ ಏನು ಹೇಳುವುದೆಂದು ಹೊಳೆಯಲಿಲ್ಲ.

"ಖಾಲಿ ಬಿಡೋ ಹಾಗಿಲ್ಲ ಸಾರ್," ಎಂದಳು ಮುಖ್ಯಪೇದೆ ಮೆಲ್ಲಗೆ.

"ನನ್ನ ಹೆಸರು ಬರ್ಕೊಳ್ಳಿ," ಎಂದಿತು ಬಾಗಿಲ ಕಡೆಯಿಂದ ಒಂದು ಹೆಣ್ಣುದನಿ.

ಹೇಳಿಕೆಗೆ ಸಹಿ ಹಾಕಲು ಬಂದಿದ್ದ ಪ್ರಯೋಗಾಲಯದ ಮೇಡಂ ಬಾಗಿಲಲ್ಲಿ ನಿಂತಿದ್ದರು. ಬೂಟಿಗೆಲ್ಲ ಕೆಸರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಒಳಗೆ ಬಂದು ಗಾಳಿಯಣ್ಣನ ಎದುರಿನ ಕುರ್ಚಿಯಲ್ಲಿ ಕೂತರು.

"ಶನಿವಾರ ನಾನು ಬರಬಹುದಿತ್ತು," ಎಂದರು. "ವ್ಯಾನೂ ಇತ್ತು, ಡ್ರೈವರೂ ಇದ್ದ. ನಿಮ್ಮಲ್ಲಿ ಯಾವಾಗಲೂ ಎಲ್ಲಾ ಸರಿಯಾಗೇ ಇರುತ್ತಲ್ಲ, ಒಂದು ವಾರ ಬಿಟ್ಟರೇನು ಅಂತ ಬೇರೆ ಕಡೆ ಹೋದೆ."

"ಸರಿಯಾಗೇ ಇಟ್ಕೊಂಡಿದ್ದೆ ಮೇಡಂ."

"ಒಂದು ಫೋನ್ ಮಾಡಬಾರ್ದಿತ್ತೇನ್ರೀ? ಒಂದೇ ಒಂದು ಫೋನು!"

ಗಾಳಿಯಣ್ಣ ತಲೆಯೆತ್ತಿ ಅವರನ್ನು ನೋಡಿದ. ಆ ಪ್ರಶ್ನೆಯನ್ನು ಅವನು ತನಗೆ ತಾನೇ ಎಷ್ಟೋ ಸಲ ಕೇಳಿಕೊಂಡಿದ್ದನೆಂದು ಅವನ ಮುಖವೇ ಹೇಳುತ್ತಿತ್ತು.

"ಏನಂತ ಮಾಡ್ಲಿ ಮೇಡಂ?"

ಮುಖ್ಯಪೇದೆ ಕಾಗದದಲ್ಲಿ ಪ್ರಯೋಗಾಲಯದ ಮೇಡಂ ಅವರ ಹೆಸರು ಬರೆದುಕೊಂಡು, ಬಂಧಿತನಿಗೆ ಏನಾಗಬೇಕು ಎಂದು ಕೇಳಿದಳು. ಆಮೇಲೆ ತಾನೇ 'ಪರಿಚಯಸ್ಥರು' ಎಂದು ಬರೆದು, ಸಹಿಗಾಗಿ ಪೆನ್ನು ಚಾಚಿದಳು.